ಪಾತ್ರೆ ಎಲ್ರೀ?

ಫೆಬ್ರವರಿ 9

ಸುರಂಗವಾಸಿ ಇಲಿಮರಿಗೆ,

ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ, ಈ ಕೆಳಗೆ ರುಜು ಮಾಡಿರುವ ನಾನು ಒಪ್ಪಿಕೊಳ್ಳುವುದೇನೆಂದರೆ: ನಿನ್ನೆ ಬೆಳಿಗ್ಗೆ ನಾನು ಕಳ್ಳತನ ಮಾಡಿದೆ. ಕದ್ದ ಮಾಲು, ಬಾತುಕೋಳಿ ಒಂದು. ಬಣ್ಣ ಹಳದಿ, ಉದ್ದ ಹೆಬ್ಬೆರಳಷ್ಟು, ಬೆನ್ನಿಗೆ ಅಯಸ್ಕಾಂತ. ಖಾಯಂ ವಿಳಾಸ, ಕೆಳಮನೆ ಟೈಲರಮ್ಮನ ಫ್ರಿಜ್ಜಿನ ಬಾಗಿಲು. ಅವರು ನನ್ನ ಅಂಗಿಗೆ ಗುಂಡಿ ಹುಡುಕಲು ಒಳಗೆ ಹೋದಾಗ ಹಕ್ಕಿ ನನ್ನ ಜೇಬಿಗೆ ಹಾರಿತು. ಪತ್ರಿಕೆಯಲ್ಲಿ ಕೂತು ಊರ ಕಳ್ಳರಿಗೆಲ್ಲ ತಲೆಬರಹ ಬರೆದವನ ಹಣೆಬರಹ ಹೀಗಾಯಿತು ನೋಡು.

ಕೇಳಿ ತರಬಹುದಿತ್ತಲ್ಲ ಎನ್ನುತ್ತೀ. ಕೇಳಿದ್ದರೆ ಅವರು ಯಾಕೆ ಎನ್ನುತ್ತಿದ್ದರು. ಯಾಕೆ ಎಂದು ಹೇಳಹೊರಟರೆ ನಿನ್ನಮ್ಮನ ವಿಷಯವನ್ನು ಪೂರ್ತಿ ಹೇಳಬೇಕಾಗುತ್ತಿತ್ತು. ಕದಿಯುವುದು ಅದಕ್ಕಿಂತ ಸುಲಭ ಅನ್ನಿಸಿತು.

ವಿಷಯ ಇಷ್ಟು. ಆಸ್ಪತ್ರೆಯವರು ಅಮ್ಮನ ಜೊತೆ ಆಮ್ಲಜನಕದ ಯಂತ್ರವನ್ನೂ ಮನೆಗೆ ಕಳಿಸಿದ್ದಾರೆ. ಅದು ಮಂಚದ ಪಕ್ಕ ಕೂತು ಗುರ್ ಎನ್ನುತ್ತಿರುತ್ತದೆ. ಅದರಿಂದ ಒಂದು ಸಣ್ಣ ಕೊಳವೆ ಅವಳ ಮೂಗಿಗೆ. ಹಗಲೂ ಇರುಳೂ ತೆಗೆಯುವ ಹಾಗಿಲ್ಲ. ಜೊತೆಗೆ ಡಾಕ್ಟರ ಆಜ್ಞೆ: ಈ ಯಂತ್ರ ಇರುವ ಮನೆಯಲ್ಲಿ ಬೆಂಕಿ ಇರಕೂಡದು, ಗ್ಯಾಸ್ ಒಲೆ ಹೋಗಬೇಕು.

"ಇವಳ ಬಾಯಿಗೇನು ಮಾಡೋಣ ಡಾಕ್ಟ್ರೇ? ಒಮ್ಮೊಮ್ಮೆ ಬೆಂಕಿ ಉಗುಳ್ತಾಳೆ," ಅಂದೆ.

ಡಾಕ್ಟರು ನಗಲಿಲ್ಲ. ಅಮ್ಮ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ತುಟಿ ನೀಲಿಯಾಯಿತು. ಇನ್ನು ಮೇಲೆ ನನ್ನ ಹಾಸ್ಯಕ್ಕೂ ಪಥ್ಯ.

ಹೀಗೆ ಗಾಜಿನ ಇಂಡಕ್ಷನ್ ಒಲೆ ಕೊಳ್ಳಲು ಹೋದೆ. ಒಲೆಯ ಬಗ್ಗೆ ಓಲೆ ಬರೆಯುವ ಕಾಲ ನನಗೂ ಬಂತು. ಅಂಗಡಿಯಲ್ಲಿ ಕಪ್ಪು ಕನ್ನಡಿಗಳ ಹಾಗೆ ಸಾಲಾಗಿ ಮಲಗಿದ್ದವು. ಯಾವುದರೊಳಗೆ ಇಣುಕಿದರೂ ಒಬ್ಬ ಗಾಬರಿಬಿದ್ದ ಮುದುಕ. ಅಂಗಡಿಯವನು ಗುಣಗಾನ ಶುರು ಮಾಡಿದ. "ಇದಕ್ಕೆ ಟೈಮರ್ ಇದೆ ಸಾರ್. ಇದು ಬೆರಳು ತಾಗಿಸಿದ್ರೆ ಸಾಕು. ಇದಕ್ಕೆ ಗುಂಡಿ ಒತ್ಬೇಕು."

"ಅಡುಗೆ ಯಾವ್ದು ಮಾಡುತ್ತೆ?"

"ಅದು ನೀವೇ ಮಾಡ್ಬೇಕು ಸಾರ್."

"ಹಾಗಾದ್ರೆ ವಿಜ್ಞಾನ ಇನ್ನೂ ಅಷ್ಟೇನೂ ಮುಂದುವರಿದಿಲ್ಲ ಬಿಡಿ," ಅಂದು ಅಮ್ಮನಿಗೆ ಫೋನು ಹಚ್ಚಿದೆ. ಬಣ್ಣ ಕೇಳುತ್ತಾಳೆ, ಅಳತೆ ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ. "ಪಾತ್ರೆ ಇಡದೆ ಹಚ್ಚಿಸಿ. ಒಂದೊಂದೇ."

ಮೇಲೆ ಪಾತ್ರೆ ಇಲ್ಲದೆ ಹಚ್ಚಿದರೆ ಈ ಒಲೆಗಳು ಬೀಪ್ ಬೀಪ್ ಎಂದು ಕೂಗುತ್ತವೆ. ಸ್ವಲ್ಪ ಹೊತ್ತು ಕೂಗಿ ನೋಡಿ, ಯಾರೂ ಏನೂ ಇಡದಿದ್ದರೆ ತಾವೇ ಆರಿಹೋಗುತ್ತವೆ. ಅಂಗಡಿಯವನು ಮೂರು ಒಲೆಗಳನ್ನು ಕೂಗಿಸಿದ. ನಾನು ಫೋನನ್ನು ಒಂದೊಂದರ ಬಾಯಿಗೂ ಹಿಡಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಕಟ್ಟಿಕೊಂಡು ಕೂತು, ಹಲೋ ಎಂದ ದನಿಯಲ್ಲೇ ಮನೆಯಲ್ಲಿ ಜಗಳವಾಡಿ ಬಂದವರು ಯಾರೆಂದು ಹೇಳುತ್ತಿದ್ದವಳಲ್ಲವೆ ನಿನ್ನಮ್ಮ.

"ಮೊದಲ್ನೇದು ಗದರುತ್ತೆ," ಅಂದಳು. ಉಸಿರು ತೆಗೆದುಕೊಂಡಳು. "ಎರಡ್ನೇದು ಅಳುತ್ತೆ." ಮತ್ತೆ ಉಸಿರು. "ಮೂರನೇದು ಕರೆಯುತ್ತೆ. ಅದೇ ತಗೊಳ್ಳಿ. ಮಲಗಿದಲ್ಲಿಗೇ ಕೇಳ್ಬೇಕು ನಂಗೆ."

ರಾಗ ನೋಡಿ ಒಲೆ ಮಾರಿದ್ದು ತನ್ನ ಜನ್ಮದಲ್ಲಿ ಇದೇ ಮೊದಲು ಎನ್ನುತ್ತಾ ಅಂಗಡಿಯವನು ಕಟ್ಟಿಕೊಟ್ಟ.

ಇನ್ನು ಬಾತುಕೋಳಿಯ ಪ್ರಕರಣ. ಅಯಸ್ಕಾಂತ ಅಂಟುವ ಪಾತ್ರೆ ಮಾತ್ರ ಈ ಒಲೆಗೆ ಆಗುತ್ತದಂತೆ. ಅಡುಗೆಮನೆಯ ಸಕಲ ಪಾತ್ರೆಗಳ ತಳಕ್ಕೂ ಬಾತುಕೋಳಿಯನ್ನು ಮುಟ್ಟಿಸುತ್ತಾ ಬಂದೆ. ಅಮ್ಮನ ಅಲ್ಯೂಮಿನಿಯಮ್ ಹಾಲಿನ ಪಾತ್ರೆ: ಹಕ್ಕಿ ಜಾರಿಬಿತ್ತು. ಅಜ್ಜಿ ಕೊಟ್ಟ ತಾಮ್ರದ ಕೆಟಲ್: ಜಾರಿಬಿತ್ತು. ನೀನು ಹುಟ್ಟಿದ ವರ್ಷ ಕೊಂಡ ಹಿತ್ತಾಳೆಯದು: ಅದೂ ಅಷ್ಟೆ. ಬಿಗಿಯಾಗಿ ಕಚ್ಚಿಕೊಂಡದ್ದು ಒಂದು ಕಬ್ಬಿಣದ ಬಾಣಲೆ, ಇನ್ನೊಂದು ಎಕ್ಸ್‌ಚೇಂಜಿನವರು ನಿವೃತ್ತಿಗೆ ಹೆಸರು ಕೆತ್ತಿಸಿ ಕೊಟ್ಟ ಸ್ಟೀಲ್ ಪಾತ್ರೆ. ನೆನಪಿದೆಯಾ, "ಥೂ, ಎಂಥ ಆಕಾರ" ಅಂತ ಅಮ್ಮ ಅದರಲ್ಲಿ ಬಟ್ಟೆಯ ಕ್ಲಿಪ್ ತುಂಬಿಡುತ್ತಿದ್ದಳು.

ಉಳಿದದ್ದನ್ನೆಲ್ಲ ಏಣಿ ಹಾಕಿ ಅಟ್ಟಕ್ಕೇರಿಸಿದೆ. ಅವಳು ಮಂಚದಿಂದ ನೋಡುತ್ತಿದ್ದಳು. "ಏನಾದ್ರೂ ಹೇಳೇ," ಅಂದೆ.

"ಮೆಲ್ಲಗೆ ಇಡಿ. ನೆಗ್ಗುತ್ತೆ."

ಇಂತಿ, ಮಾಲು ಸಮೇತ ತಲೆಮರೆಸಿಕೊಂಡಿರುವ,
ಅಪ್ಪ


ಫೆಬ್ರವರಿ 27

ಅಪ್ಪನಿಗೆ,

ನಿನ್ನ ತಪ್ಪೊಪ್ಪಿಗೆ ಸಾಮಾನಿನ ಲಾರಿಯಲ್ಲಿ ಈರುಳ್ಳಿ ಮೂಟೆಯ ಸಂದಿಯಲ್ಲಿ ಬಂತು. ಆದ್ದರಿಂದ ಓದುವಾಗ ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಯಿಂದ ಎಂದು ದಾಖಲಾಗಲಿ. ಬಾತುಕೋಳಿಯನ್ನು ವಾಪಸು ಕೊಡು. ಟೈಲರಮ್ಮನಿಗೆ ಅಮ್ಮನ ವಿಷಯ ಹೇಳು. ಮನೆಯಲ್ಲಿ ನಿನ್ನ ಜೊತೆ ಯಾರಾದರೂ ಇರಬೇಕು.

ಈಗ ಎಂಜಿನಿಯರ್ ಮಾತು ಕೇಳು. ಆ ಯಂತ್ರ ಮತ್ತು ಒಲೆ ಎರಡೂ ಒಂದೇ ವೈರಿನ ಮೇಲೆ ಇರಬಾರದು. ನಮ್ಮ ಮನೆಯ ವೈರು ನನಗಿಂತ ಹಳೆಯದು. ಒಲೆಯನ್ನು ಪೂರ್ತಿ ಜೋರು ಮಾಡಿದರೆ ಫ್ಯೂಸ್ ಹೋಗುತ್ತದೆ. ಆಗ ಒಲೆ ಮಾತ್ರ ನಿಲ್ಲುವುದಿಲ್ಲ. ಎಲೆಕ್ಟ್ರಿಶಿಯನ್ ಕರೆಸಿ ಮೀಟರಿನಿಂದಲೇ ಒಲೆಗೆ ಬೇರೆ ಲೈನ್ ಎಳೆಸು. ಅಲ್ಲಿಯವರೆಗೆ ಅರ್ಧಕ್ಕಿಂತ ಮೇಲೆ ಏರಿಸಬೇಡ.

ಇಲ್ಲಿ ಬೆಟ್ಟದ ಎರಡೂ ಕಡೆಯಿಂದ ಕೊರೆಯುತ್ತಿದ್ದಾರೆ. ನಡುವೆ ಇಬ್ಬರೂ ಎದುರುಬದುರಾಗುವ ಹಾಗೆ ಅಳತೆ ಕೊಡುವವಳು ನಾನು. ನಾನು ತಪ್ಪಿದರೆ ಒಬ್ಬರ ಪಕ್ಕದಲ್ಲೇ ಇನ್ನೊಬ್ಬರು ಹಾದುಹೋಗುತ್ತಾರೆ, ಗೊತ್ತೂ ಆಗುವುದಿಲ್ಲ. ಅವರು ಕೂಡುವವರೆಗೆ ನನಗೆ ರಜೆ ಇಲ್ಲ. ಫೋನು ಇರುವುದು ಮ್ಯಾನೇಜರ್ ಕೋಣೆಯಲ್ಲಿ ಒಂದೇ. ಅಮ್ಮ ಮಾತಾಡಿ ಸುಸ್ತಾಗುತ್ತಾಳೆಂದು ನಾನು ಮಾಡುತ್ತಿಲ್ಲ. ಅಥವಾ ಹಾಗೆಂದು ಹೇಳಿಕೊಳ್ಳುತ್ತಿದ್ದೇನೆ.

ಒಲೆ ಹೇಗಿದೆ ಎಂದು ಚೆನ್ನಾಗಿ ತಿಳಿಯಿತು. ಅಮ್ಮ ಹೇಗಿದ್ದಾಳೆ?

ಇಲಿ


ಮಾರ್ಚ್ 16

ಇಲಿಮರಿಗೆ,

ಅಮ್ಮ ಹೇಗಿದ್ದಾಳೆ ಎಂದು ಕೇಳಿದ್ದೀ. ಅವಳ ಕೊಳವೆ ಅಡುಗೆಮನೆಯ ಹೊಸ್ತಿಲಿನವರೆಗೆ ಬರುತ್ತದೆ, ಒಳಗೆ ಬರುವುದಿಲ್ಲ. ಮೊದಮೊದಲು ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ನನಗೆ ಅಡುಗೆಪಾಠ ಮಾಡುತ್ತಿದ್ದಳು. ಈಗ ಕುರ್ಚಿಯ ಮೇಲೆ ಒಗೆದ ಬಟ್ಟೆ ಇಡುತ್ತಿದ್ದೇನೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಾಗದು, ಒಲೆಗೇ ವಾಪಸು ಬರುತ್ತೇನೆ.

ಬೆಂಕಿ ಕಾಣದ ಒಲೆಯ ಮುಂದೆ ನಿಲ್ಲುವುದು ಮುಖ ತೋರಿಸದ ಮೇಲಧಿಕಾರಿಯ ಕೆಳಗೆ ಕೆಲಸ ಮಾಡಿದ ಹಾಗೆ. ಉರಿ ಎಷ್ಟಿದೆ ಎಂದು ಅಂಕಿಯಲ್ಲಿ ತಿಳಿಯಬೇಕು. ಹಾಲು ಮಾತ್ರ ಹಳೆಯ ಸ್ವಭಾವ ಬಿಟ್ಟಿಲ್ಲ, ನಾನು ಬೆನ್ನು ತಿರುಗಿಸುವುದನ್ನೇ ಕಾಯುತ್ತದೆ. ಆದರೆ ಉಕ್ಕಿದ್ದು ಗಾಜಿನ ಮೇಲೆ ಸೀಯುವುದಿಲ್ಲ, ಒಂದು ಒರೆಸಿಗೆ ಮಾಯ. ಮನುಷ್ಯರ ತಪ್ಪು ಇಷ್ಟು ಸಲೀಸಾಗಿ ಹೋಗುವುದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನನ್ನ ತೊಂದರೆ ಒಂದೇ. ಗ್ಯಾಸಿನ ಕಾಲದವನು, ಮೊದಲು ಹಚ್ಚಿ ಆಮೇಲೆ ಪಾತ್ರೆ ಹುಡುಕುವವನು. ಗುಂಡಿ ಒತ್ತಿ ಆ ಕಡೆ ತಿರುಗುತ್ತೇನೆ, ಒಲೆ ಕೂಗಲು ಶುರು. ತಕ್ಷಣ ಕೋಣೆಯಿಂದ, "ಪಾತ್ರೆ ಎಲ್ರೀ?"

"ಇಟ್ಟೆ ಕಣೇ."

ದಿನಾ ಇದೇ ಸಂಭಾಷಣೆ. ನೀರು ಬೇಕೆಂದರೆ ಬೆರಳು ತೋರಿಸುವವಳು, ಬೇಡ ಎನ್ನಲು ರೆಪ್ಪೆ ಮುಚ್ಚುವವಳು, ಇದೊಂದಕ್ಕೆ ಮಾತ್ರ ಎಕ್ಸ್‌ಚೇಂಜಿನ ಹಳೆಯ ದನಿ ತೆಗೆಯುತ್ತಾಳೆ. ಕೂಗಿದ ಮೇಲೆ ಬಹಳ ಹೊತ್ತು ಮೇಲುಸಿರು. ನನ್ನ ಮರೆವು ಅವಳಿಗೆ ತುಟ್ಟಿಯಾಗುತ್ತಿದೆ.

ಹಾಂ, ಒಂದು ಸಣ್ಣ ಸುದ್ದಿ, ಒಳಪುಟದ್ದು. ಎಲೆಕ್ಟ್ರಿಶಿಯನ್ "ನಾಳೆ ಬಂದೆ" ಎಂದು ಹೋಗಿದ್ದ, ಅವನ ನಾಳೆ ಇನ್ನೂ ಬಂದಿರಲಿಲ್ಲ. ಅವಳಿಗೆ ಮೈ ಒರೆಸಲು ಬಿಸಿನೀರು ಬೇಗ ಆಗಲಿ ಎಂದು ಒಲೆಯನ್ನು ಪೂರ್ತಿ ಏರಿಸಿದೆ. ನೀನು ಹೇಳಿದಂತೆಯೇ ಆಯಿತು. ಗುರ್ ಎನ್ನುವುದು ನಿಂತಿತು. ಆ ಸದ್ದನ್ನು ಎಷ್ಟು ಬೈದಿದ್ದೆ, ನಿಂತಾಗ ಗೊತ್ತಾಯಿತು. ಇಂಥ ಹೊತ್ತಿಗೆಂದೇ ಆಮ್ಲಜನಕದ ಸಣ್ಣ ಸಿಲಿಂಡರ್ ಇದೆ, ಆದರೆ ಅದರ ಕೀಲಿ ನನ್ನ ಕೈಗೆ ತಿರುಗಲಿಲ್ಲ. ನಾನು ಕಿಟಕಿಯಿಂದ ಅರಚಿದ್ದಕ್ಕೆ ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದು ತಿರುಗಿಸಿದರು. ಅಮ್ಮ ಈಗ ಸರಿಯಾಗಿದ್ದಾಳೆ. ತಲೆಬರಹ: "ಬಿಸಿನೀರಿಗೆ ಹೋಗಿ ತಣ್ಣಗಾದ ವೃದ್ಧ."

ನಿನ್ನ,
ಅಪ್ಪ


ಮಾರ್ಚ್ 29

ಅಪ್ಪ,

ಇದು ಒಳಪುಟದ ಸುದ್ದಿಯಲ್ಲ. ಇದಕ್ಕೆ ತಲೆಬರಹ ಬೇಡ.

ಆಸ್ಪತ್ರೆಯಲ್ಲಿ ಇಂಥವರನ್ನು ಕಾಯಂ ಇಟ್ಟುಕೊಳ್ಳುವ ವಾರ್ಡ್ ಇದೆ. ಮ್ಯಾನೇಜರ್ ಫೋನಿನಿಂದ ವಿಚಾರಿಸಿದೆ. ಒಂದು ಮಂಚ ಖಾಲಿ ಇದೆ. ಅಲ್ಲಿ ಕರೆಂಟು ಹೋಗುವುದಿಲ್ಲ, ಕೀಲಿ ತಿರುಗಿಸಲು ಕೈ ಇರುತ್ತದೆ. ನೀನು ದಿನಾ ಹೋಗಿ ಪಕ್ಕದಲ್ಲಿ ಕೂರಬಹುದು. ಇನ್ನೊಂದು ಸಲ ಹೀಗಾದರೆ ನಿನ್ನನ್ನು ಕೇಳದೆ ನಾನೇ ಸೇರಿಸುತ್ತೇನೆ. ಕೋಪದಿಂದ ಬರೆಯುತ್ತಿಲ್ಲ. ಕೋಪದಿಂದಲೇ ಬರೆಯುತ್ತಿದ್ದೇನೆ. ನಿನ್ನ ಮೇಲಲ್ಲ.

ಇಲಿ


ಏಪ್ರಿಲ್ 14

ಇಲಿಮರಿಗೆ,

ಮುಖಪುಟ ಸುದ್ದಿ. ಒಲೆಗೆ ಪ್ರತ್ಯೇಕ ಲೈನ್ ಬಂತು. ಎಲೆಕ್ಟ್ರಿಶಿಯನ್ನನ್ನು ಅವನ ಮನೆ ಬಾಗಿಲಲ್ಲಿ ಕೂತು ಹಿಡಿದು ತಂದೆ. ಈಗ ಎರಡನ್ನೂ ಪೂರ್ತಿ ನಡೆಸಿದರೂ ಏನೂ ಆಗುವುದಿಲ್ಲ. ಸಿಲಿಂಡರಿನ ಕೀಲಿ ತಿರುಗಿಸುವುದನ್ನು ಟೈಲರಮ್ಮನ ಬಳಿ ಕಲಿತು ಅವರೆದುರೇ ಪರೀಕ್ಷೆ ಪಾಸಾದೆ. ಬಾತುಕೋಳಿಯ ವಿಷಯವನ್ನೂ ಒಪ್ಪಿಕೊಂಡೆ. "ನೀವು ಜೇಬಿಗೆ ಹಾಕ್ಕೊಂಡಿದ್ದು ಕನ್ನಡೀಲಿ ಕಂಡಿತ್ತು, ಇಟ್ಕೊಳ್ಳಿ," ಅಂದರು.

ಇನ್ನೊಂದು ಸಾಧನೆ, ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದು. ಪಾತ್ರೆ ಇಡದೆ ಒಲೆ ಹಚ್ಚುವುದನ್ನು ಬಿಟ್ಟೆ. ಸಂಪೂರ್ಣ. ಬಾತುಕೋಳಿಯನ್ನು ಒಲೆಯ ಗುಂಡಿಯ ಪಕ್ಕದ ಗೋಡೆಯಲ್ಲಿ ಮೊಳೆಗೆ ಅಂಟಿಸಿದ್ದೇನೆ. ಅದನ್ನು ಕಂಡೊಡನೆ ಕೈ ತಡೆಯುತ್ತದೆ. ಪಾತ್ರೆ ಮೊದಲು, ಗುಂಡಿ ಆಮೇಲೆ. ಈಗ ನಮ್ಮ ಒಲೆ ಮೂಕ. ಅವಳ ಅಷ್ಟು ಉಸಿರು ಉಳಿಯಿತು.

ಒಂದೇ ಒಂದು ವಿಚಿತ್ರ. ಮೊನ್ನೆ ಸೂಪು ಕುಡಿಸುವಾಗ ಅವಳೇ ಬಾಯಿಬಿಟ್ಟಳು. "ಒಲೆ ಕೆಟ್ಟಿದ್ಯಾ?"

"ಇಲ್ವಲ್ಲ. ನಾನು ಜಾಣ ಆಗಿದೀನಿ."

"ಓಹೋ," ಅಂದು ಗೋಡೆಯ ಕಡೆ ತಿರುಗಿದಳು. ಸೂಪು ಉಳಿಯಿತು.

ಅವಳ ಚೀಟಿ ಜೊತೆಗಿದೆ. ಬರೆಯಲು ಇಡೀ ಮಧ್ಯಾಹ್ನ ತೆಗೆದುಕೊಂಡಳು, ನನಗೆ ತೋರಿಸಲಿಲ್ಲ, ನಾನು ಓದಿಲ್ಲ. (ಓದಿದೆ.)

ಅಪ್ಪ


ಮಗಳೇ,

ಅಪ್ಪ ಅಡುಗೆ ಮಾಡ್ತಾರೆ. ಉಪ್ಪಿರಲ್ಲ. ಹೇಳಬೇಡ.
ವಾರ್ಡ್ ಬೇಡ. ಅಲ್ಲಿ ಯಾರ ಸದ್ದೂ ನನಗೆ ಗೊತ್ತಿಲ್ಲ. ಇಲ್ಲಿ ಎಲ್ಲ ಗೊತ್ತು.
ಅರ್ಧ ಕೊರೆದು ಬರಬೇಡ. ಮುಗಿಸಿ ಬಾ.

ಅಮ್ಮ


ಮೇ 18

ಇಲಿಮರಿ,

ತಮಾಷೆ ಇಲ್ಲ. ಬಾ.

ಅಪ್ಪ


ಜುಲೈ 3

ಇಲಿಮರಿಗೆ,

ನೀನು ಹೊರಟ ದಿನ ಬಸ್ಸಿನ ಕಿಟಕಿಯಿಂದ ಏನೋ ಹೇಳಿದೆ, ಎಂಜಿನ್ ಸದ್ದಿಗೆ ಕೇಳಿಸಲಿಲ್ಲ. ಕೇಳಿಸಿದವನ ಹಾಗೆ ತಲೆಯಾಡಿಸಿದೆ. ರಸ್ತೆಗೆ ಮಣ್ಣು ಕುಸಿದು ನೀನು ತಡವಾಗಿ ತಲುಪಿದ ವಿಷಯವೇ ಮತ್ತೆ ಆಗಿದ್ದರೆ ಅದನ್ನು ಬಿಟ್ಟುಬಿಡು. ದಾರಿ ಮುಚ್ಚಿದ್ದಕ್ಕೆ ನೀನೇನು ಮಾಡುತ್ತೀ. ಒಂದು ದಿನ ಮೊದಲೇ ತಲುಪಿದ್ದರೂ ಅವಳು ನಿನ್ನನ್ನು ನೋಡಿ "ಮುಗೀತಾ?" ಅಂತಲೇ ಕೇಳುತ್ತಿದ್ದಳು.

ಯಂತ್ರವನ್ನು ಆಸ್ಪತ್ರೆಯವರು ತೆಗೆದುಕೊಂಡು ಹೋದರು. ಅದು ಇದ್ದ ಕಡೆ ನೆಲದ ಬಣ್ಣ ಬೇರೆ ಇದೆ. ಇನ್ನು ಗ್ಯಾಸ್ ಒಲೆ ತರಿಸಿಕೊಳ್ಳಬಹುದು ಎಂದು ಅಂಗಡಿಯವನು ಹೇಳಿದ. ಬೇಡ ಅಂದೆ. ಅಟ್ಟದ ಪಾತ್ರೆಗಳೂ ಅಟ್ಟದಲ್ಲೇ ಇವೆ.

ನನ್ನ ಚಿಂತೆ ಮಾಡಬೇಡ, ಒಳ್ಳೆ ಪಳಗಿದ್ದೇನೆ. ಅನ್ನ ಮುದ್ದೆಯಾಗುವುದಿಲ್ಲ, ಆಲೂಗಡ್ಡೆ ಸೀಯುವುದಿಲ್ಲ, ಗಾಜಿನ ಮೇಲೆ ಒಂದು ಗೀರಿಲ್ಲ. ಪಾತ್ರೆ ಇಡದೆ ಗುಂಡಿ ಒತ್ತಿದ್ದು ಏಪ್ರಿಲ್‌ನಿಂದ ಈಚೆಗೆ ಒಮ್ಮೆಯೂ ಇಲ್ಲ. ಒಬ್ಬ ಗಂಡಸು ಇಷ್ಟು ಸುಧಾರಿಸಬಹುದೆಂದು ನಿನ್ನಮ್ಮನಿಗೂ ನಂಬಿಕೆ ಇರಲಿಲ್ಲ.

ಸ್ವಯಂಪಾಕಿ,
ಅಪ್ಪ


ಜುಲೈ 22

ಅಪ್ಪನಿಗೆ,

ಸುರಂಗ ಕೂಡಿತು. ವ್ಯತ್ಯಾಸ ಎರಡೇ ಬೆರಳು. ಕೊನೆಯ ಬಂಡೆ ಒಡೆದಾಗ ಆ ಕಡೆಯ ಗಾಳಿ ಈ ಕಡೆ ನುಗ್ಗಿತು, ತಣ್ಣಗೆ, ಎಲ್ಲರ ಮುಖದ ಮೇಲೆ. ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಇಳಿಸಿದ ಮೇಲೆ ಮ್ಯಾನೇಜರ್ ಕೋಣೆಗೆ ಹೋಗಿ ಫೋನ್ ಕೈಗೆತ್ತಿಕೊಂಡೆ. ಅಮ್ಮನಿಗೆ ಹೇಳಬೇಕು ಅಂತ. ಅರ್ಧ ನಂಬರ್ ಒತ್ತಿ ಇಟ್ಟುಬಿಟ್ಟೆ.

ಬಸ್ಸಿನಲ್ಲಿ ನಾನು ಹೇಳಿದ್ದು "ಉಪ್ಪು ಹಾಕಿಕೊಂಡು ತಿನ್ನು" ಅಂತ.

ಇನ್ನೊಂದು ವಿಷಯ. ಟೈಲರಮ್ಮನ ಕಾಗದ ಬಂದಿದೆ. "ನಿಮ್ಮಪ್ಪನ ಒಲೆ ದಿನಾ ಹೊಡ್ಕೊಳ್ತಿರುತ್ತೆ, ನಿಲ್ಲುತ್ತೆ, ಮತ್ತೆ ಹೊಡ್ಕೊಳ್ಳುತ್ತೆ. ರಿಪೇರಿಯವ್ರನ್ನ ಕಳಿಸ್ದೆ, ಒಲೆ ಚೆನ್ನಾಗೇ ಇದೆ ಅಂದ್ರಂತೆ. ನಂಗೆ ಅರ್ಥ ಆಗ್ತಿಲ್ಲಮ್ಮ." ನನಗೂ ಆಗುತ್ತಿಲ್ಲ. ಏಪ್ರಿಲ್‌ನಿಂದ ಒಮ್ಮೆಯೂ ಇಲ್ಲ ಎಂದಿದ್ದೆಯಲ್ಲ. ಒಲೆ ಕೆಟ್ಟಿದ್ದರೆ ಬದಲಾಯಿಸು. ಕೆಟ್ಟಿಲ್ಲದಿದ್ದರೆ ನನಗೆ ಹೇಳು. ತಲೆಬರಹ ಬೇಡ, ಸುದ್ದಿ ಮಾತ್ರ.

ಮುಂದಿನ ತಿಂಗಳು ಬರುತ್ತಿದ್ದೇನೆ, ದೀರ್ಘ ರಜೆ.

ಇಲಿ


ಆಗಸ್ಟ್ 6

ಇಲಿಮರಿಗೆ,

ಸುದ್ದಿ ಮಾತ್ರ ಕೇಳಿದ್ದೀ. ಬರೆಯುತ್ತೇನೆ.

ಒಲೆ ಚೆನ್ನಾಗಿದೆ. ಏಪ್ರಿಲ್‌ನಲ್ಲಿ ನಾನು ಬರೆದ ಸಾಧನೆ ನಿಜ, ಆದರೆ ಅದರ ಆಯುಸ್ಸು ಕಡಿಮೆ. ಅವಳು "ಓಹೋ" ಅಂದು ಗೋಡೆಗೆ ತಿರುಗಿದಳಲ್ಲ, ಅಲ್ಲಿಗೆ ಮುಗಿಯಿತು. ಆ ಕಾಗದವನ್ನು ಅಂಚೆಗೆ ಹಾಕಿ ಬಂದು ಯೋಚಿಸುತ್ತಾ ಕೂತೆ. ಅಂಗಡಿಯಲ್ಲಿ ಅಷ್ಟು ಒಲೆಗಳ ಮಧ್ಯೆ ಅವಳು ಆರಿಸಿದ್ದು ಆ ಕೂಗನ್ನು. ಈ ಮನೆಯಲ್ಲಿ ಅವಳಿಗೆ ಉಳಿದಿದ್ದ ಕೆಲಸ ಅದೊಂದೇ, ನನ್ನನ್ನು ತಿದ್ದುವುದು. ಉಸಿರು ಉಳಿಸಿಕೊಟ್ಟೆ ಎಂದು ಬೀಗುತ್ತಾ ನಾನು ಅವಳ ಆ ಕೆಲಸವನ್ನು ಕಿತ್ತುಕೊಂಡಿದ್ದೆ.

ಮಾರನೆಯ ದಿನ ಬಾತುಕೋಳಿಯನ್ನು ಗೋಡೆಯಿಂದ ಕಿತ್ತು, ಪಾತ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ಗುಂಡಿ ಒತ್ತಿದೆ. ಒಲೆ ಕರೆಯಿತು. ಕೋಣೆಯಲ್ಲಿ ಮಂಚ ಕಿರುಗುಟ್ಟಿತು. "ಪಾತ್ರೆ ಎಲ್ರೀ?"

"ಇಟ್ಟೆ ಕಣೇ."

ಆ ದಿನ ಸೂಪು ಪೂರ್ತಿ ಕುಡಿದಳು. ಅಲ್ಲಿಂದ ಮುಂದೆ ದಿನಾ ಮರೆತೆ. ಅವಳಿಗೆ ಗೊತ್ತಾಗಿತ್ತೇನೋ. ನಾನು ಮರೆತು ಒತ್ತಿದ್ದಕ್ಕೂ ಬೇಕೆಂದು ಒತ್ತಿದ್ದಕ್ಕೂ ಸದ್ದಿನಲ್ಲೇ ವ್ಯತ್ಯಾಸ ಹಿಡಿಯುವ ಕಿವಿ ಅದು. ಗೊತ್ತಿದ್ದೂ ಕೂಗುತ್ತಿದ್ದಳು. ನಾನೂ ಗೊತ್ತಿಲ್ಲದವನ ಹಾಗೆ ಇಡುತ್ತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ನಾವು ಇಷ್ಟು ಚೆನ್ನಾಗಿ ಸುಳ್ಳು ಹೇಳಿಕೊಂಡದ್ದು ಬೇರೆ ಯಾವಾಗಲೂ ಇಲ್ಲ.

ಅವಳು ಹೋದ ದಿನ ಬೆಳಿಗ್ಗೆಯೂ ಹಾಗೇ ಒತ್ತಿದೆ, ಹಾಲು ಹಾಕಿದ ಸ್ಟೀಲ್ ಪಾತ್ರೆ ಕೈಯಲ್ಲಿತ್ತು. ಒಲೆ ಕರೆಯಿತು. ಕಾದೆ. ಕರೆದು ಕರೆದು ತಾನೇ ಆರಿತು. ಯಂತ್ರ ಗುರ್ ಎನ್ನುತ್ತಲೇ ಇತ್ತು. ನಾನು ಕೋಣೆಗೆ ಹೋಗಲಿಲ್ಲ, ಮತ್ತೆ ಒತ್ತಿದೆ. ಎಷ್ಟು ಸಲ ಒತ್ತಿದೆನೋ ಗೊತ್ತಿಲ್ಲ. ಇದನ್ನು ನೀನು ಬಂದಾಗ ಹೇಳಲಿಲ್ಲ.

ಈಗಲೂ ಒತ್ತುತ್ತೇನೆ. ಜುಲೈನಲ್ಲಿ "ಒಮ್ಮೆಯೂ ಇಲ್ಲ" ಎಂದು ಬರೆದ ದಿನವೂ ಒತ್ತಿದ್ದೆ. ಯಾರೂ ಬರುವುದಿಲ್ಲವೆಂದು ಒಲೆಗೇ ಸ್ವಲ್ಪ ಹೊತ್ತಿಗೆ ತಿಳಿಯುತ್ತದೆ, ನನಗಿಂತ ಬೇಗ.

ಇನ್ನು ನಾಚಿಕೆಯ ಭಾಗ. ನೀನು ಬಂದಾಗ ಟೈಲರಮ್ಮ ಹೇಗೂ ಹೇಳುತ್ತಾರೆ, ಅದಕ್ಕೆ ಮೊದಲು ನನ್ನಿಂದಲೇ ತಿಳಿ. ನಿನ್ನೆ ಮಧ್ಯಾಹ್ನ ಒಲೆ ಕರೆಯುತ್ತಿತ್ತು, ಅಡುಗೆಮನೆ ಕಿಟಕಿ ತೆರೆದಿತ್ತು. ಕೆಳಗೆ ಹೊಲಿಗೆಯಂತ್ರ ನಿಂತಿತು. ಪಾಪ, ಅವರ ತಾಳ್ಮೆಯೂ ಹರಿದಿರಬೇಕು. ಕತ್ತೆತ್ತಿ ಜೋರಾಗಿ ಕೂಗಿದರು:

"ಪಾತ್ರೆ ಎಲ್ರೀ?"

ಆ ಸುಧಾರಿಸಿದ, ಪಳಗಿದ, ಯಾರ ಹಂಗೂ ಇಲ್ಲದ ಸ್ವಯಂಪಾಕಿ ಇದ್ದನಲ್ಲ, ಅವನು ಓಡಿಹೋಗಿ ಸ್ಟೀಲ್ ಪಾತ್ರೆಯನ್ನು ಗಾಜಿನ ಮೇಲೆ ಕುಕ್ಕಿ, ಇಡೀ ಬೀದಿಗೆ ಕೇಳುವ ಹಾಗೆ, ಪರರ ಮನೆಯ ಹೆಂಗಸಿಗೆ, "ಇಟ್ಟೆ ಕಣೇ" ಅಂದುಬಿಟ್ಟ.

ಗಾಜಿಗೆ ಒಂದು ಗೀರು ಬಿದ್ದಿದೆ.

ಬೇಗ ಬಾ.

ಅಪ್ಪ